ಮೂಗಿನ ಒಳಗೋಡೆ

ಚೊಕ್ಕಸಂದ್ರ, ಪೀಣ್ಯ
ಭಾನುವಾರ, 14 ಏಪ್ರಿಲ್ 1985

ಮಗನೇ ಶ್ಯಾಮಣ್ಣ,

ನಿನ್ನ ಆರೋಗ್ಯ ಹೇಗಿದೆ? ಎಲ್ಲರ ಕಾಗದದಲ್ಲೂ ಮೊದಲು ಬರುವ ಮಾತು ಇದು. ಬರೆದವನು ಉತ್ತರಕ್ಕೆ ಕಾಯುವುದಿಲ್ಲ, ಓದಿದವನು ಕೊಡುವುದೂ ಇಲ್ಲ. ಈ ಸಲ ನಾನು ಉತ್ತರ ಬೇಕೆಂದೇ ಕೇಳುತ್ತಿದ್ದೇನೆ. ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ಏನು ಬರುತ್ತದೆ? ಊಟದ ತಟ್ಟೆಯ ವಾಸನೆ ತಿಳಿಯುತ್ತದೆಯೇ? ಇಲ್ಲಿ ನಿನ್ನ ಹೆಂಡತಿ ಅಂಜನಮ್ಮ, ಮಗು ಚೆನ್ನಾಗಿದ್ದಾರೆ. ಮಗುವಿಗೆ ಎರಡು ಹಲ್ಲು ಬಂದಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ಹೊಸೂರಿನ ಹೊಸ ಘಟಕಕ್ಕೆ ನೀನು ಮೇಸ್ತ್ರಿಯಾಗಿ ಹೋದದ್ದು ಜನವರಿಯಲ್ಲಿ. ಎರಡು ಬಸ್ಸಿನ ದಾರಿ. ಮೂರು ತಿಂಗಳಲ್ಲಿ ಒಂದು ಭಾನುವಾರವೂ ನಿನಗೆ ಬಿಡುವಾಗಲಿಲ್ಲ. ನಾನೇ ಬಸ್ಸು ಹತ್ತಿ ಬರಬಹುದಿತ್ತು, ಆದರೆ ಎದುರಿಗೆ ಕೂತರೆ ನೀನು ಮಾತು ತಿರುಗಿಸುತ್ತೀಯ. ನಿಮ್ಮ ಕಾರ್ಖಾನೆಯ ಲಾರಿ ಡ್ರೈವರ್ "ಕೊಡಿ ಯಜಮಾನ್ರೇ, ನಾನೇ ತಲುಪಿಸ್ತೀನಿ" ಎಂದ. ಈ ಕಾಗದವನ್ನು ಅವನ ಕೈಗೆ ಕೊಡದೆ ಅಂಚೆಗೆ ಹಾಕುತ್ತಿದ್ದೇನೆ. ಕವರಿನ ಅಂಟನ್ನು ಯಾರಾದರೂ ಬಿಚ್ಚಿ ಮತ್ತೆ ಮೆತ್ತಿದ ಹಾಗಿದ್ದರೆ ನನಗೆ ತಿಳಿಸು.

ವಿಷಯ ಶುರುವಾದದ್ದು ಪೇಪರಿನಿಂದ. ಹೋದ ತಿಂಗಳ ಒಂದು ಭಾನುವಾರದ ಪುರವಣಿಯಲ್ಲಿ ಮನುಷ್ಯನ ಮೂಗಿನ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಕೋತಿ, ಗೊರಿಲ್ಲಾಗಳ ಮೂಗು ಚಪ್ಪಟೆ, ಹೊಳ್ಳೆಗಳು ಮುಂದಕ್ಕೆ ತೆರೆದಿರುತ್ತವೆ. ನಮ್ಮದು ಮಾತ್ರ ಸೂರಿನ ಹಾಗೆ ಮುಂದೆ ಚಾಚಿ, ಹೊಳ್ಳೆಗಳು ನೆಲ ನೋಡುತ್ತವೆ. ಲಕ್ಷಾಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರು ನೀರಿನಲ್ಲಿ ಮುಳುಗಿ ಆಹಾರ ಹುಡುಕುತ್ತಿದ್ದರು, ನೀರು ಒಳಗೆ ನುಗ್ಗದಿರಲೆಂದು ಮೂಗಿಗೆ ಈ ಆಕಾರ ಬಂತು ಎಂದು ಇಂಗ್ಲೆಂಡಿನ ಕೆಲವರು ಹೇಳುತ್ತಾರಂತೆ. ಉಳಿದ ವಿಜ್ಞಾನಿಗಳು ಒಪ್ಪುವುದಿಲ್ಲವೆಂದು ಕೊನೆಯಲ್ಲಿ ಎರಡೇ ಸಾಲು. ಇಪ್ಪತ್ತೆಂಟು ವರ್ಷದಿಂದ ಪೇಪರ್ ಏಜೆಂಟನಾಗಿ ಹಂಚುವ ಮೊದಲು ಓದಿದವನು ನಾನು. ದೊಡ್ಡ ಅಕ್ಷರದಲ್ಲಿ ಹೇಳಿದ್ದನ್ನು ಕೊನೆಯ ಎರಡು ಸಾಲಿನಲ್ಲಿ ವಾಪಸು ತೆಗೆದುಕೊಂಡಿದ್ದರೆ ನನಗೆ ಅನುಮಾನ ಬರುತ್ತದೆ.

ಆದರೂ ಪರೀಕ್ಷೆ ಮಾಡದೆ ಸುಳ್ಳೆನ್ನಲು ಮನಸ್ಸಾಗಲಿಲ್ಲ. ಹೊಲವೆಲ್ಲ ಕೈಗಾರಿಕಾ ಪ್ರದೇಶಕ್ಕೆ ಹೋದರೂ ಎರಡು ಶೆಡ್ಡುಗಳ ನಡುವೆ ನಮ್ಮ ಮೆಟ್ಟಿಲು ಬಾವಿ ಉಳಿದಿದೆಯಲ್ಲ, ಈ ಊರಿನ ಎರಡು ತಲೆಮಾರಿಗೆ ಸೊಂಟಕ್ಕೆ ಬೆಂಡು ಕಟ್ಟಿ ನಾನು ಈಜು ಕಲಿಸಿದ್ದು ಅಲ್ಲೇ. ಹೋದ ಭಾನುವಾರ ಬೆಳಿಗ್ಗೆ ರಾಮಾಂಜಿಯನ್ನು ಕರೆದುಕೊಂಡು ಹೋದೆ. "ಪೇಪರ್ನೋರ್ ಏನೋ ಬರುದ್ರು ಅಂತ ನನ್ನ ಯಾಕಪ್ಪಾ ಮುಳುಗುಸ್ತೀಯ" ಎಂದು ಗೊಣಗಿಕೊಂಡೇ ಬಂದ ನಿನ್ನ ತಮ್ಮ. ಮೊದಲು ನಾನು ಹಾರಿದೆ. ತಲೆ ಮುಂದಾಗಿ ಧುಮುಕಿದರೆ ಒಂದು ಹನಿಯೂ ಒಳಗೆ ಹೋಗುವುದಿಲ್ಲ, ಮೂಗಿನಲ್ಲಿ ಗಾಳಿ ನಿಲ್ಲುತ್ತದೆ. ಅಷ್ಟು ನಿಜ. ಕಾಲು ಮುಂದಾಗಿ ನೆಟ್ಟಗೆ ಹಾರಿದರೆ ಅದೇ ಹೊಳ್ಳೆಗಳು ನೀರನ್ನು ಬಾಚಿ ನೆತ್ತಿಗೇರಿಸುತ್ತವೆ. ಬೆಂಡು ಕಟ್ಟಿದ ಹುಡುಗರೆಲ್ಲ ಮೂಗು ಹಿಡಿದು ಹಾರುವುದು ಅದಕ್ಕೇ. ಇಂಗ್ಲೆಂಡಿನವರು ನೆಟ್ಟಗೆ ಹಾರಿ ನೋಡಿದ ಹಾಗೆ ಕಾಣಲಿಲ್ಲ.

ಆಮೇಲೆ ರಾಮಾಂಜಿ ಧುಮುಕಿದ. ಈ ಬಾವಿಯ ತಳದ ಕಲ್ಲು ಮುಟ್ಟಿ ಬರುತ್ತಿದ್ದವರು ನೀವಿಬ್ಬರೇ. ಅವನು ಅರ್ಧಕ್ಕೇ ಮೇಲೆ ಬಂದ, ಮೀಸೆಯ ಮೇಲೆ ರಕ್ತ. ಮೆಟ್ಟಿಲ ಮೇಲೆ ಕೂರಿಸಿದೆ. ಉಸಿರು ಎಳೆದಾಗಲೆಲ್ಲ ಸಣ್ಣ ಸಿಳ್ಳೆ ಕೇಳಿಸುತ್ತಿತ್ತು. ಪೇಪರ್ ಕಟ್ಟು ಎಣಿಸಲು ಇಟ್ಟುಕೊಳ್ಳುವ ಟಾರ್ಚು ಸೈಕಲ್ಲಿನಲ್ಲಿತ್ತು. ರಕ್ತ ಎಲ್ಲಿಂದ ಬರುತ್ತಿದೆಯೆಂದು ಎಡಹೊಳ್ಳೆಗೆ ಬೆಳಕು ಬಿಟ್ಟೆ. ಬಲಹೊಳ್ಳೆಯಿಂದ ಬೆಳಕು ಆಚೆ ಬಂತು. ಕೈಬೆರಳಿಗೆ ಟಾರ್ಚು ಒತ್ತಿದರೆ ಕಾಣುವ ಕೆಂಪು ಅಲ್ಲ, ಬಾಗಿಲಿನ ಬೀಗದ ತೂತಿನಿಂದ ಬರುವಂಥ ಬಿಳಿ ಬೆಳಕು. ಎರಡು ಹೊಳ್ಳೆಗಳ ನಡುವೆ ಮೆದುಮೂಳೆಯ ಗೋಡೆಯಿದೆ ಎಂದು ಲೇಖನದ ಚಿತ್ರದಲ್ಲಿ ನೋಡಿದ್ದೆ. ನನ್ನ ಮಗನ ಮೂಗಿನಲ್ಲಿ ಆ ಗೋಡೆಗೆ ಕಡಲೆಕಾಳು ಹೋಗುವಷ್ಟು ಕಿಂಡಿ ಬಿದ್ದಿತ್ತು. "ನೋವಿಲ್ವೇನೋ?" ಎಂದರೆ, "ಇಲ್ಲ ಕಣಪ್ಪ, ಹೆಕ್ಕಳೆ ಕಟ್ಕೋತದೆ, ಉದುರ್ತದೆ, ಅಷ್ಟೇಯ" ಎಂದ. ಮನೆಗೆ ಬಂದ ಮೇಲೆ ನಿಮ್ಮಜ್ಜಿ ಟಾರ್ಚು ಕಿತ್ತುಕೊಂಡು ತಾನೇ ನೋಡಿ, "ನನ್ ಮೂಗ್ಗೆ ಅಕ್ಸಾಲಿ ತೂತಾಕ್ದ, ಬುಲಾಕಾದ್ರೂ ಬಂತು. ನಿಂಗ್ಯಾವನ್ಲಾ ಆಕ್ದೋನು, ಬುಲಾಕೂ ಕೊಡ್ದಂಗೆ?" ಎಂದಳು. ಎಲ್ಲರೂ ನಕ್ಕೆವು.

ಮಂಗಳವಾರ ಪೇಟೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಮೂಗು ನೋಡುವುದಕ್ಕೆ ಮೊದಲೇ ಕೇಳಿದ್ದು, "ಕ್ರೋಮ್ ತೊಟ್ಟಿ ಹತ್ರ ಕೆಲಸಾನಾ?" ಎಂದು. ಸೈಕಲ್ ಹ್ಯಾಂಡಲ್ಲಿಗೆ ಹೊಳಪು ಕೊಡುವ ಆ ತೊಟ್ಟಿಯಿಂದ ಏಳುವ ಹಬೆ ಮೂಗಿನ ಗೋಡೆಯನ್ನು ನೋವಿಲ್ಲದೆ ತಿನ್ನುತ್ತದಂತೆ. ಕಿಂಡಿ ತಾನಾಗಿ ಮುಚ್ಚಿಕೊಳ್ಳುವುದಿಲ್ಲ; ತೊಟ್ಟಿ ಬಿಡದಿದ್ದರೆ ದೊಡ್ಡದಾಗುತ್ತದೆ. ಚೀಟಿಯಲ್ಲಿ ಹಾಗೆಯೇ ಬರೆದುಕೊಟ್ಟರು.

ಆ ಚೀಟಿ ಹಿಡಿದು ಬುಧವಾರ ನಿಮ್ಮ ಕಾರ್ಖಾನೆಗೆ ಹೋದೆ. ಆರು ತಿಂಗಳಿಗೊಮ್ಮೆ ಬರುವ ನಿಮ್ಮ ಡಾಕ್ಟರು ಅಂದು ಅಲ್ಲಿಯೇ ಇದ್ದರು. ಅವರು ಬರುವ ದಿನವಲ್ಲ, ಯಾಕೆ ಬಂದಿದ್ದರೋ. "ನಿಮ್ ಹುಡುಗನಿಗೆ ಮೂಗಲ್ಲಿ ಬೆರಳಾಡ್ಸೋ ಚಟ ಕಣ್ರೀ" ಎಂದರು. "ಸಾರ್, ಬೆರಳಲ್ಲಿ ಗೋಡೆ ತೂತಾಗ್ಬೇಕಾದ್ರೆ ಎಷ್ಟು ವರ್ಷ ಆಡ್ಸಿರ್ಬೇಕು?" ಎಂದು ಕೇಳಿದೆ. ಅವರು ಮ್ಯಾನೇಜರ ಮುಖ ನೋಡಿದರು. ರಾಮಾಂಜಿಯ ಆರೋಗ್ಯದ ಕಾರ್ಡು ತೋರಿಸಿ ಎಂದೆ. ನಾಲ್ಕು ಸಲ ಪರೀಕ್ಷೆಯಾಗಿದೆ, ನಾಲ್ಕು ಸಲವೂ "ಮೂಗು ಸರಿಯಿದೆ". ನಾಲ್ಕೂ ಒಂದೇ ಶಾಯಿ, ಒಂದೇ ಕೈಬರಹದ ಓಟ. ಒಂದೇ ದಿನ ಕೂತು ಬರೆದ ಹಾಗೆ ನನಗೆ ಕಂಡಿತು. ಇದು ಅನುಮಾನ, ಸಾಕ್ಷಿ ನನ್ನಲ್ಲಿಲ್ಲ. ಮಾರನೆಯ ದಿನ ರಾಮಾಂಜಿಯ ಕೈಗೆ ಒಂದು ಕಾಗದ ಕೊಟ್ಟಿದ್ದಾರೆ: ಈ ಗಾಯ ನನ್ನ ಸ್ವಂತ ಅಭ್ಯಾಸದಿಂದ ಆದದ್ದು, ಕಾರ್ಖಾನೆಗೆ ಸಂಬಂಧವಿಲ್ಲ. ಸಹಿ ಹಾಕಿದರೆ ಬೇರೆ ವಿಭಾಗದಲ್ಲಿ ಕೆಲಸ, ಇಲ್ಲದಿದ್ದರೆ ಮನೆ. ಅವನು ಇನ್ನೂ ಹಾಕಿಲ್ಲ. ಆದರೆ ಮದುವೆ ಮಾತು ನಡೆಯುತ್ತಿರುವ ಹುಡುಗ, ಎಷ್ಟು ದಿನ ತಡೆದಾನು?

ಈಗ ನಿನ್ನ ವಿಷಯ. ಕಾರ್ಖಾನೆಯಿಂದ ಬರುವ ದಾರಿಯಲ್ಲಿ ರಾಮಾಂಜಿ ಒಂದು ಮಾತು ಹೇಳಿದ. ಎರಡು ವರ್ಷದ ಹಿಂದೆ ನೀನೇ ಅವನನ್ನು ಆ ತೊಟ್ಟಿಯ ಕೆಲಸಕ್ಕೆ ಸೇರಿಸಿದೆಯಲ್ಲ, ಮೊದಲ ದಿನವೇ ಅವನ ಕೈಗೆ ಒಂದು ವ್ಯಾಸಲೀನ್ ಡಬ್ಬಿ ಕೊಟ್ಟೆಯಂತೆ. "ಶಿಫ್ಟಿಗೆ ಹೋಗೋ ಮುಂಚೆ ಮೂಗೊಳಗೆ ಬಳ್ಕೊ. ಯಾಕೆ ಅಂತ ಕೇಳ್ಬೇಡ ಮಗಾ" ಎಂದೆಯಂತೆ. ಸ್ವಲ್ಪ ದಿನ ಬಳಿದುಕೊಂಡು, ಜೊತೆಯವರು ಆಡಿಕೊಂಡರೆಂದು ಅವನು ಬಿಟ್ಟ. ಯಾಕೆ ಅಂತ ನಾನು ಕೇಳುತ್ತಿದ್ದೇನೆ ಶ್ಯಾಮಣ್ಣ. ಆ ತೊಟ್ಟಿಯ ಹತ್ತಿರ ನೀನು ಆರು ವರ್ಷ ನಿಂತವನು. ಹೋದ ವರ್ಷ ಹಬ್ಬಕ್ಕೆ ಎಲ್ಲರೂ ಬಾವಿಗೆ ಹಾರಿದಾಗ ನೆಗಡಿ ಎಂದು ದಡದಲ್ಲೇ ಕೂತೆ. ಹಿಂದಿನ ವರ್ಷವೂ ನೆಗಡಿಯೇ. ಒಲೆಯ ಮೇಲೆ ಮುದ್ದೆಯ ಹಿಟ್ಟು ಸೀದು ಮನೆಯೆಲ್ಲ ವಾಸನೆ ತುಂಬಿದ ದಿನ ಪಕ್ಕದಲ್ಲೇ ಕೂತಿದ್ದ ನಿನಗೆ ಗೊತ್ತಾಗಲಿಲ್ಲ. ನೀನು ಮಲಗಿದಾಗ ಸಿಳ್ಳೆ ಹೊಡೆಯುತ್ತೀಯೆಂದು ಅಂಜನಮ್ಮ ನಗುತ್ತಿದ್ದಳು. ಈಗ ಕೇಳಿದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಾಳೆ. ಇವೆಲ್ಲವನ್ನೂ ಸೇರಿಸಿ ಸುದ್ದಿಯೆಂದು ನಾನು ಬರೆಯುತ್ತಿಲ್ಲ. ನಿನ್ನನ್ನು ಹೊಸೂರಿಗೆ ಕಳಿಸಿದ್ದು ಬಡ್ತಿಯೋ, ಕಣ್ಣಿಗೆ ಬೀಳದ ಹಾಗೆ ಇಟ್ಟದ್ದೋ ಎಂಬುದೂ ನನಗೆ ಗೊತ್ತಿಲ್ಲ.

ಆ ಲೇಖನವನ್ನು ಮತ್ತೊಮ್ಮೆ ಓದಿದೆ. ಮೂಗು ನೀರಿಗಾಗಿ ಆಯಿತೋ ಇಲ್ಲವೋ ತಿಳಿದವರು ಜಗಳವಾಡಿಕೊಳ್ಳಲಿ. ನನಗೆ ಕಂಡದ್ದು ಇಷ್ಟು: ನೆಲ ನೋಡುವ ಹೊಳ್ಳೆಗಳು ಬಾವಿಗೆ ಧುಮುಕುವವನಿಗೆ ಸೂರು, ತೊಟ್ಟಿಯ ಮೇಲೆ ಬಗ್ಗಿ ನಿಂತವನಿಗೆ ಹೊಗೆಗೂಡು. ಕೆಳಗಿನಿಂದ ಎದ್ದ ಹಬೆ ನೆಟ್ಟಗೆ ಒಳಗೇ ಹೋಗುತ್ತದೆ.

ಅಜ್ಜಿ ನಿನ್ನನ್ನು ಕೇಳಿದಳು. ಮಗು ನಿನ್ನ ಫೋಟೋ ತೋರಿಸಿದರೆ ಅದನ್ನೂ ಕಚ್ಚಲು ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮೇಲೆ ಕೋಪವಿದೆ, ಆದರೂ ನನ್ನ ಆಶೀರ್ವಾದ ಎಂದಿನಷ್ಟೇ ಇದೆ.

ನಿನ್ನ ಅಪ್ಪ,
ದೊಡ್ಡಮುನಿಯಪ್ಪ

ಮರೆತದ್ದು: 22ನೇ ತಾರೀಕು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಡಾಕ್ಟರಮ್ಮನ ಚೀಟಿ ಸೇರಿಸಿ ಶುಕ್ರವಾರ ನಾನು ಕೊಟ್ಟ ಅರ್ಜಿಯ ಮೇಲೆ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರು ಇಲ್ಲಿನ ಕಾರ್ಖಾನೆಗೆ ವಿಚಾರಣೆಗೆ ಬರುತ್ತಾರೆ. ಒಬ್ಬನ ಮೂಗಿನಲ್ಲಿ ಕಿಂಡಿಯಿದ್ದರೆ ಕಾರ್ಖಾನೆಯವರು ಚಟ ಎನ್ನುತ್ತಾರೆ. ಅದೇ ತೊಟ್ಟಿಯ ಹತ್ತಿರ ನಿಂತ ಇಬ್ಬರಲ್ಲಿದ್ದರೆ ಏನೆನ್ನುತ್ತಾರೋ ನಾನೂ ಕೇಳಬೇಕು. ನಿನ್ನ ಮೇಸ್ತ್ರಿ ಕೆಲಸ ಹೋಗಬಹುದು, ಅದು ಗೊತ್ತಿದ್ದೇ ಕರೆಯುತ್ತಿದ್ದೇನೆ. ನೀನು ಯಾರ ವಿರುದ್ಧವೂ ಬಾಯಿ ಬಿಡಬೇಕಾಗಿಲ್ಲ. ತಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು ತಲೆ ಎತ್ತಿದರೆ ಸಾಕು. ಟಾರ್ಚಿಗೆ ಹೊಸ ಸೆಲ್ ಹಾಕಿಸಿಟ್ಟಿದ್ದೇನೆ.