ಕ್ರಯಪತ್ರದಲ್ಲಿಲ್ಲದ ಜಾಗ

ಜಯಲಕ್ಷ್ಮಿಪುರಂ, ಮೈಸೂರು
13-10-2005

ಅಕ್ಷತಾಳ ಅಪ್ಪಾಜಿಗೆ,

ದಾಕ್ಷಾಯಣಿಯ ನಮಸ್ಕಾರ. ನಿಮ್ಮ ಹೆಸರು ಹಿಡಿದೇ ಬರೆಯೋಣ ಅನ್ನುವಷ್ಟು ಸಿಟ್ಟಿದೆ. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ ಅಂತ ಬಿಟ್ಟಿದ್ದೇನೆ.

ಆಯುಧಪೂಜೆಯಂಥ ದಿನ ವ್ಯಾನು ಹತ್ತಿ ತವರಿಗೆ ಯಾಕೆ ಹೋದಳು ಅಂತ ಮಗಳ ಕೈಲಿ ಕೇಳಿಸಿದಿರಿ. ನಿಮಗೆ ಗೊತ್ತಿಲ್ಲವೇ? ಅವತ್ತು ಬೆಳಿಗ್ಗೆ ದಟ್ಟಗಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ನಮ್ಮ ಪಾರ್ಕಿಂಗಿಗೆ ನೀರು ಹಾಕಿ ರಂಗೋಲಿ ಬಿಟ್ಟವಳು ನಾನು. ವ್ಯಾನು ಹೊರಗೆ ತೆಗೆದು ತೊಳೆದುಕೊಂಡು ಬರುವಷ್ಟರಲ್ಲಿ ರಂಗೋಲಿಯ ಮೇಲೆ ಮೂರನೇ ಮಹಡಿಯ ಸದಾಶಿವಯ್ಯನವರ ಹೊಸ ಕಾರು ಬಾಳೆಕಂದು ಕಟ್ಟಿಕೊಂಡು ನಿಂತಿತ್ತು. ಆ ಜಾಗ ತಮ್ಮ ಕ್ರಯಪತ್ರದಲ್ಲಿ ಬರೆದು ರಿಜಿಸ್ಟರ್ ಆಗಿದೆ ಅಂದರು. ನೀವೋ, ಅವರಿಗೆ ಕೈ ಮುಗಿದು, ನನ್ನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದಿರಿ. ಅದಕ್ಕೇ ತೊಳೆದ ವ್ಯಾನು ಹತ್ತಿ ನೇರ ಇಲ್ಲಿಗೆ ಬಂದೆ.

ನಮ್ಮ ಫ್ಲಾಟು ರಿಜಿಸ್ಟರ್ ಆದ ದಿನವೇ ಬಾಯಿ ಬಡ್ಕೊಂಡೆ. ನನ್ನ ಅಡುಗೆ ಕಂಟ್ರಾಕ್ಟು ನಿಂತಿರೋದೇ ಈ ವ್ಯಾನಿನ ಮೇಲೆ, ಪಾರ್ಕಿಂಗನ್ನೂ ಬರೆಸಿ ಅಂದೆ. ಅದನ್ನು ಸೇರಿಸಿದರೆ ಸ್ಟ್ಯಾಂಪ್ ಡ್ಯೂಟಿ ಜಾಸ್ತಿ, ಸುಮ್ಮನೆ ದಂಡ, ಬಿಡೇ ಅಂದಿರಿ. ಬಿಲ್ಡರ್ ಗುರುಸಿದ್ದಯ್ಯ ನಮ್ಮ ಮಠದವರು, ಕೊರಳ ಲಿಂಗ ಮುಟ್ಟಿ ಜಾಗ ನಿಮ್ಮದೇ ಅಂದಿದ್ದಾರೆ, ಅದಕ್ಕಿಂತ ಛಾಪಾ ಕಾಗದ ದೊಡ್ಡದಾ ಅಂತ ಎಲ್ಲರೆದುರು ನನ್ನನ್ನೇ ಗದರಿದಿರಿ. ಅದೇ ಮನುಷ್ಯ ಅದೇ ಜಾಗವನ್ನು ಇನ್ನೊಬ್ಬರಿಗೆ ಬರೆದುಕೊಟ್ಟ. ನಿನ್ನೆ ಅವನನ್ನು ಕೇಳಲು ಹೋದವರು ಕಾಫಿ ಕುಡಿದು ಬಂದಿರಂತೆ. ಒಂದೇ ಮಠದವರು, ನಿಷ್ಠುರ ಯಾಕೆ, ಅವಳೇ ಅಡ್ಜಸ್ಟ್ ಮಾಡ್ಕೊಳ್ಳಲಿ ಅಂತ ಮಗಳ ಕೈಲಿ ಹೇಳಿಕಳಿಸಿದಿರಿ.

ಎಲ್ಲಿ ಅಂತ ಅಡ್ಜಸ್ಟ್ ಮಾಡ್ಕೊಳ್ಳಲಿ? ವ್ಯಾನು ರಸ್ತೆಯಲ್ಲಿ ನಿಲ್ಲಿಸಿದರೆ ಕುದಿಯುವ ಸಾರಿನ ಕೊಳಗ ಹೊತ್ತು ಗೇಟು ದಾಟಬೇಕು, ಎದುರು ಮನೆಯವರ ಕೈಲಿ ಬೈಸಿಕೊಳ್ಳಬೇಕು. ಹೀಗಾದರೆ ಈ ಕೆಲಸವೇ ಬಿಡಬೇಕಾಗುತ್ತದೆ. ಅದು ನಿಮಗೆ ಹೊಳೆಯಲೇ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಅತ್ತೆ ಹೇಳುತ್ತಿದ್ದರು. ನಮ್ಮದು ಸ್ಟ್ಯಾಂಪಿಗೆ ಹೋಯಿತು.

ಇಲ್ಲಿ ಅಮ್ಮನ ಮನೆ ಶೆಡ್ಡಿನಲ್ಲಿ ನನ್ನ ವ್ಯಾನು ನೆಮ್ಮದಿಯಾಗಿದೆ. ನನ್ನ ಜಾಗ ನನ್ನ ಹೆಸರಿಗೆ ಬರವಣಿಗೆಯಲ್ಲಿ ಬರುವ ತನಕ ನಾನೂ ಇಲ್ಲೇ. ನಿಮ್ಮ ಬಿ.ಪಿ. ಮಾತ್ರೆ ಗೋಡೆ ಬೀರುವಿನಲ್ಲಿದೆ, ಮರೆಯಬೇಡಿ. ಹಾಗಂತ ಕರಗಿದಳು ಅಂದುಕೊಳ್ಳಬೇಡಿ.

ಇತಿ,
ದಾಕ್ಷಾಯಣಿ

ತಾ.ಕ.: ಕಾಗದ ಮಡಿಸುವಾಗ ಗುರುಸಿದ್ದಯ್ಯನೇ ಫೋನ್ ಮಾಡಿದ. ಕಾರ್ತಿಕದಲ್ಲಿ ಅವನ ಮಗಳ ಮದುವೆಯಂತೆ. ಅಡುಗೆ ನನ್ನದೇ ಅಂತ ನಿನ್ನೆ ಕಾಫಿ ಕುಡಿಯುತ್ತ ನೀವು ಲಿಂಗ ಮುಟ್ಟಿ ಮಾತು ಕೊಟ್ಟಿರಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಬರವಣಿಗೆಯಲ್ಲಿ ಏನಾದರೂ ಇದೆಯಾ ಅಂತ ಅವನನ್ನು ಕೇಳಿದೆ. ಇಲ್ಲ ಅಂದ. ಹಾಗಾದರೆ ನನಗೆ ಗೊತ್ತಿಲ್ಲ ಅಂತ ಫೋನ್ ಇಟ್ಟೆ. ಮಾತು ಕೊಟ್ಟವರು ನೀವು, ಅಡುಗೆಯೂ ನಿಮ್ಮದೇ. ದೊಡ್ಡ ಸೌಟು ಅಡುಗೆಮನೆ ಸಜ್ಜೆಯ ಮೇಲಿದೆ.