ಹಡಗು ನಿಲ್ಲುವ ಊರಿನಲ್ಲಿ ಮದುವೆ

ಬಂದರಿನೆದುರಿನ ಹೋಟೆಲು, ಎರಡನೇ ಮಹಡಿ
ಶನಿವಾರ ಮಧ್ಯಾಹ್ನ

ನಮ್ಮ ಮಗಳ ಅಪ್ಪನಿಗೆ,

ಎಷ್ಟೋ ವರ್ಷಗಳ ಮೇಲೆ ನಿಮಗೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳಲು ಪುರುಸೊತ್ತಿಲ್ಲ. ಸಾಮಾನು ಕೊಳ್ಳಲು ದಡಕ್ಕೆ ಬಂದ ನಿಮ್ಮ ಹಡಗಿನ ಅಡುಗೆಯವರು ಕೆಳಗೆ ಈರುಳ್ಳಿ ಮೂಟೆಯ ಮೇಲೆ ಕೂತು ಕಾಯುತ್ತಿದ್ದಾರೆ. ಅವರ ದೋಣಿ ಹೊರಡುವುದರೊಳಗೆ ಇದು ಮುಗಿಯಬೇಕು. ಈ ಕಿಟಕಿಯಿಂದ ನಿಮ್ಮ ಹಡಗು ಕಾಣುತ್ತದೆ. ದಡಕ್ಕೆ ಬರದೆ ದೂರದಲ್ಲೇ ಲಂಗರು ಹಾಕಿ ನಿಂತಿದೆ, ಥೇಟ್ ನಿಮ್ಮ ಹಾಗೆ. ಸಂಜೆ ಮದುವೆ. ಬೆಳಗಾದರೆ ಹಡಗು ಹೊರಟುಬಿಡುತ್ತದಂತೆ.

ಪರದೇಶದಲ್ಲಿ ಮದುವೆ ಎಂದಾಗ ನೆಂಟರೆಲ್ಲ ನಕ್ಕರು. ನಮ್ಮ ಸಮುದ್ರಕ್ಕೆ ಉಪ್ಪು ಸಾಲದಾಯಿತಾ ಎಂದು ಅಕ್ಕ ಕೇಳಿದಳು. ಫೋಟೋ ಚೆನ್ನಾಗಿ ಬರುತ್ತವೆ ಎಂದು ಮಗಳು ಎಲ್ಲರ ಬಾಯಿ ಮುಚ್ಚಿಸಿದಳು. ನನಗೂ ಹೇಳಿದ್ದು ಅಷ್ಟೇ. ನಿಜ ಗೊತ್ತಾಗಿದ್ದು ಅವಳು ಹಡಗಿನ ಕಂಪನಿಯವರ ಜೊತೆ ಫೋನಿನಲ್ಲಿ ಜಗಳ ಆಡುವಾಗ. ಹಡಗು ಬಿಟ್ಟು ಬರೋಕಾಗಲ್ಲ, ರಜೆ ಇಲ್ಲ ಎಂದು ನೀವು ಹೇಳಿದ್ದಿರಲ್ಲ, ಅದನ್ನು ಅವಳು ಅಕ್ಷರಶಃ ನಂಬಿದ್ದಳು. "ಅಪ್ಪಂಗೆ ಮದುವೆಗೆ ಬರೋಕಾಗದಿದ್ರೆ ಮದುವೇನೇ ಅಪ್ಪನ ಹತ್ರ ಹೋಗ್ಲಿ ಬಿಡಮ್ಮ" ಅಂದಳು. ನಿಮ್ಮ ಹಡಗು ಯಾವಾಗ ಎಲ್ಲಿ ನಿಲ್ಲುತ್ತದೆಂದು ವಿಚಾರಿಸಿ, ಆ ಊರಿನಲ್ಲಿ ಹಾಲ್ ಹುಡುಕಿದವಳು ಅವಳು.

ಊರು ಕಂಡಿಲ್ಲ, ಭಾಷೆ ಬರುವುದಿಲ್ಲ. ಹಲ್ಲಿನ ಆಸ್ಪತ್ರೆಯಲ್ಲಿ ದಿನವಿಡೀ ಕಟ್ಟುಹಲ್ಲಿನ ಅಚ್ಚು ಎರೆದು ಬಂದು ಊಟದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಹೋಟೆಲಿನವರಿಗೆ, ನೋಂದಣಿ ಕಚೇರಿಗೆ, ವೀಸಾದವರಿಗೆ ಬರೆಯುತ್ತಿದ್ದಳು. ಹಡಗಿನ ಸಮಯ ಎರಡು ಸಲ ಬದಲಾಯಿತು, ಮದುವೆಯ ದಿನವೂ ಬದಲಾಯಿತು. ತಾರೀಕು ಇಡುವವರು ನಾವೋ ಹಡಗೋ ಎಂದು ಬೀಗರು ಗೊಣಗಿದರು. ಅಳಿಯನಾಗುವವನು ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಹುಡುಗ. ನಿಮ್ಮ ಹಾಗೇ ಉಗುರಿನ ಸಂದಿಯಲ್ಲಿ ಗ್ರೀಸು. ಫೋಟೋದಲ್ಲಿ ಅರಮನೆಯಂತಿದ್ದ ಹಾಲ್ ಇಲ್ಲಿ ಬಂದು ನೋಡಿದರೆ ಕ್ರೇನುಗಳ ಮಧ್ಯೆ ಹಸಿ ಬಣ್ಣದ ವಾಸನೆ ಹೊಡೆಯುತ್ತಿತ್ತು. ಬೆಳಿಗ್ಗೆಯಿಂದ ಅವನೇ ಕುರ್ಚಿ ಒರೆಸಿ ಸಾಲಾಗಿ ಹಾಕಿದ್ದಾನೆ.

ಇವತ್ತು ನೀವು ಅವಳಿಗೆ ಫೋನ್ ಮಾಡಿ, ಹಡಗಿನ ನಾಯಕರು ಇಳಿಯಲು ಬಿಡುತ್ತಿಲ್ಲ ಎಂದಿರಿ. ಅವಳು ಅಳಲಿಲ್ಲ. ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ಪುಸ್ತಕ ಪೇರಿಸಿ, ಅದಕ್ಕೆ ಫೋನು ಒರಗಿಸಿ, ಅಪ್ಪನಿಗೆ ಇಲ್ಲಿಂದ ಎಲ್ಲ ಕಾಣುತ್ತದಾ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದಾಳೆ. ಅದನ್ನು ನನ್ನಿಂದ ನೋಡಲಾಗುತ್ತಿಲ್ಲ.

ಯಾಕೆಂದರೆ ನಿಮ್ಮ ಅಡುಗೆಯವರು ನಮ್ಮನ್ನು ಹುಡುಕಿಕೊಂಡು ಬಂದು ಬೇರೆಯೇ ಹೇಳಿದರು. "ನಾಯಕ್ರು ಯಾರನ್ನೂ ತಡೆದಿಲ್ಲಮ್ಮ. ಹೋಗಿ ಬಾ ಅಂತ ಅವರೇ ಹೇಳಿದ್ರು. ಇವರೇ ಇಂಜಿನ್ ರೂಮು ಬಿಟ್ಟು ಮೇಲೆ ಬರ್ತಿಲ್ಲ. ಊಟಾನೂ ಮಾಡ್ತಿಲ್ಲ."

ಮಗಳಿಗೆ ನಾನಿದನ್ನು ಹೇಳಿಲ್ಲ. ಹೇಗೆ ಹೇಳಲಿ?

ಕಾರಣ ನನಗೆ ಗೊತ್ತು. ದೊಡ್ಡವನಿಗೆ ಈಜು ಕಲಿಸಲು ಕೆರೆಗೆ ಕರೆದುಕೊಂಡು ಹೋಗಿ ನೀವು ಒಬ್ಬರೇ ಒದ್ದೆ ಬಟ್ಟೆಯಲ್ಲಿ ಹಿಂದಿರುಗಿದ ದಿನ, ಚಿಕ್ಕವಳು ಬಾಗಿಲಲ್ಲಿ ನಿಂತು ಅಣ್ಣ ಎಲ್ಲಿ ಎಂದು ಕೇಳಿದಳು. ಅವತ್ತಿನಿಂದ ನೀವು ಅವಳ ಮುಖ ನೋಡಿಲ್ಲ. ಒಂದು ಹಡಗು ಬಿಟ್ಟು ಇನ್ನೊಂದು ಹತ್ತಿದಿರಿ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಪಾಡಿಗೆ ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಬಿಳಿ ದುಪ್ಪಟಿ ಮಡಚುತ್ತಾ ನಿಮ್ಮನ್ನು ಶಪಿಸಿದ ದಿನಗಳಿವೆ, ನೀವಿದ್ದಿದ್ದರೆ ಎಂದು ಅತ್ತ ದಿನಗಳೂ ಇವೆ. ಆದರೆ ಅದು ನಮ್ಮಿಬ್ಬರದು. ಅವಳು ಏನು ಮಾಡಿದ್ದಳು? ಅಣ್ಣನ ಜೊತೆ ಅಪ್ಪನನ್ನೂ ಕಳೆದುಕೊಂಡಳು. ಅಪ್ಪ ಬದುಕಿದ್ದಾನೆ ಎಂಬ ಒಂದೇ ಆಸೆಯಲ್ಲಿ ಎರಡು ಮನೆಯವರನ್ನು ಸಮುದ್ರ ದಾಟಿಸಿ ತಂದಿದ್ದಾಳೆ. ಇವತ್ತು ನೀವು ಇಳಿಯಲಿಲ್ಲ ಎಂದರೆ ಇನ್ನು ಅವಳು ಕರೆಯುವುದಿಲ್ಲ. ನಾನು ಅವಳ ಅಮ್ಮ, ನನಗೆ ಗೊತ್ತು.

ಜೀವನದಲ್ಲಿ ನಿಮ್ಮ ಮುಂದೆ ಕೈಚಾಚಿದವಳಲ್ಲ ನಾನು. ಈಗ ಚಾಚಿದ್ದೇನೆ. ನನ್ನ ಜೊತೆ ಮಾತಾಡಬೇಡಿ, ನನ್ನ ಪಕ್ಕ ಕೂರಬೇಡಿ. ಆ ಕುರ್ಚಿಯ ಮೇಲಿನ ಫೋನು ತೆಗೆದು ಅಲ್ಲಿ ಕೂತರೆ ಸಾಕು. ಬೆಳಿಗ್ಗೆ ಬೇಕಾದರೆ ಮತ್ತೆ ನಿಮ್ಮ ಇಂಜಿನ್ನಿನ ಹೊಟ್ಟೆಯೊಳಗೆ ಹೋಗಿ ಸೇರಿಕೊಳ್ಳಿ.

ಉತ್ತರ ಬರೆಯಬೇಡಿ. ಬನ್ನಿ.

ಇಂತಿ,
ನಿಮ್ಮ ಮಕ್ಕಳ ಅಮ್ಮ

ಮತ್ತೊಂದು ಮಾತು: ಪತ್ರ ಮಡಚುವಾಗ ಮಗಳು ಹಿಂದೆಯೇ ನಿಂತಿದ್ದಳು. ಅಡುಗೆಯವರು ಹೇಳಿದ್ದು ಅವಳ ಕಿವಿಗೂ ಬಿದ್ದಿದೆಯಂತೆ. ಮದುವೆಯ ಬಟ್ಟೆಯಲ್ಲೇ ಮೆಟ್ಟಿಲಿಳಿದು ಹೋಗಿ ಈರುಳ್ಳಿ ಮೂಟೆಗಳ ನಡುವೆ ದೋಣಿಯಲ್ಲಿ ಕೂತಳು. ಹಿಂದೆಯೇ ಹುಡುಗನೂ ಹತ್ತಿದ. ಅವಳನ್ನು ಇಳಿಸಲೆಂದು ಹೋದವಳು ನಾನೂ ಹತ್ತಿದ್ದೇನೆ. ಇದನ್ನು ದೋಣಿಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ. ದೊಡ್ಡವನು ಹೋದಮೇಲೆ ನಾನು ನೀರಿನ ಅಂಚಿಗೂ ಹೋದವಳಲ್ಲ. ಅಡುಗೆಯವರು ಮೊದಲು ಹತ್ತಿ ಇದನ್ನು ನಿಮ್ಮ ಕೈಗೆ ಕೊಡುತ್ತಾರೆ. ನೀವು ಓದುವಾಗ ನಾವು ಮೂವರೂ ಹಡಗಿನ ಬುಡದಲ್ಲಿ ಇರುತ್ತೇವೆ. ನೀವು ಕಾಣುವ ತನಕ ದೋಣಿ ತಿರುಗಿಸಬಾರದು ಎಂದು ಮಗಳು ಹೇಳಿಬಿಟ್ಟಿದ್ದಾಳೆ. ಅಲೆ ಜೋರಾಗಿದೆ. ನನಗೆ ತುಂಬಾ ಭಯವಾಗುತ್ತಿದೆ. ಬೇಗ ಮೇಲೆ ಬನ್ನಿ.