ನೀರುನಾಯಿಗೆ ದನಿ ಕೊಟ್ಟವಳು

ಮುಟ್ಟುಗೋಲು ಹಾಕಿದ ಸಾಮಗ್ರಿಗಳ ವಿಲೇವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ಬರುವ ಗುರುವಾರ ಬೆಳಿಗ್ಗೆ ಕಾರವಾರದ ಮೈದಾನದಲ್ಲಿ ನೀವು ರೋಡ್ ರೋಲರ್ ಹಾಯಿಸಿ ಪುಡಿ ಮಾಡಲಿರುವ ನಾಲ್ಕು ಸಾವಿರ ನಕಲಿ ಸಿಡಿ, ಡಿವಿಡಿಗಳ ಪೈಕಿ ಒಂದರಲ್ಲಿ ತೀರಿಹೋದ ನನ್ನ ಹೆಂಡತಿಯ ದನಿಯಿದೆ. ಅದೊಂದನ್ನು ಎತ್ತಿಡಿ ಎಂದು ಕೇಳುವುದಕ್ಕೆ ಈ ಪತ್ರ. ಇದಕ್ಕೆ ಮೊದಲು ನಿಮ್ಮ ಕಚೇರಿಗೆ ಎರಡು ಅರ್ಜಿ ಹಾಕಿದ್ದೆ, ಎರಡರಲ್ಲೂ ನನ್ನ ಹೆಸರಿರಲಿಲ್ಲ. ಹೆಸರಿಲ್ಲದ ಅರ್ಜಿಯನ್ನು ಯಾರೂ ಓದುವುದಿಲ್ಲವೆಂದು ಗೊತ್ತಿದ್ದೂ ಹಾಗೆ ಮಾಡಿದೆ. ಯಾಕೆಂದು ಮುಂದೆ ಹೇಳುತ್ತೇನೆ. ನಿಮ್ಮ ರೋಲರ್ ಕಾರ್ಯಕ್ರಮದ ಸುದ್ದಿ, ಬರಲಿರುವ ಗಣ್ಯರ ಪಟ್ಟಿಯ ಸಮೇತ, ಪತ್ರಿಕೆಯಲ್ಲಿ ಬಂದಿರುವುದರಿಂದ ನಾನೂ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ಅಮದಳ್ಳಿಯವನು, ಕೈಗಾ ಅಣುಸ್ಥಾವರದಲ್ಲಿ ಗುತ್ತಿಗೆ ಕೆಲಸ. ನನ್ನ ಹೆಂಡತಿ ವೈಜಯಂತಿ ಬೆಳಂಬಾರದವಳು, ನಮ್ಮೂರ ಅಂಗನವಾಡಿಯಲ್ಲಿ ಟೀಚರು. ಮಗಳು ಪ್ರೇಕ್ಷಾ ಎರಡನೇ ಕ್ಲಾಸು, ಕನ್ನಡ ಶಾಲೆ. ಅವಳಿಗೆ ಒಂದು ಕಾರ್ಟೂನ್ ಸಿನಿಮಾದ ಹುಚ್ಚು. ಕಂಪ್ಯೂಟರಿನಲ್ಲೇ ಮಾಡಿದ್ದು, ಒಂದು ನೀರುನಾಯಿ ಮರಿ ಹೊಳೆಯಲ್ಲಿ ದಾರಿ ತಪ್ಪಿ ಮತ್ತೆ ಮನೆ ಸೇರುವ ಕತೆ. ಅದರ ಎರಡನೇ ಭಾಗ ಕಳೆದ ವರ್ಷ ಬಂತು. ಥಿಯೇಟರಿಗಲ್ಲ, ನೇರವಾಗಿ ಡಿವಿಡಿಗೆ. ಯಾವ ಸಿನಿಮಾದ ಎರಡನೇ ಭಾಗವಾದರೂ ಸಪ್ಪೆಯೇ ಎನ್ನುತ್ತಾರೆ, ಇದೂ ಸಪ್ಪೆಯೇ. ಮೊದಲನೆಯದರಲ್ಲಿ ನೀರು ಹೊಳೆಯಂತೆ ಮಿನುಗುತ್ತಿತ್ತು, ಇದರಲ್ಲಿ ನೀಲಿ ಪ್ಲಾಸ್ಟಿಕ್ ಹಾಸಿದಂತಿದೆ. ಮಗಳಿಗೆ ಅದೆಲ್ಲ ಎಲ್ಲಿ ಕಾಣಬೇಕು? ಅವಳ ಕಷ್ಟ ಬೇರೆ. ಮರಿ ಇಂಗ್ಲಿಷಿನಲ್ಲಿ ಅಳುತ್ತಿತ್ತು, ಗುಂಡಿ ಒತ್ತಿದರೆ ಹಿಂದಿಯಲ್ಲಿ ಅಳುತ್ತಿತ್ತು. ಕನ್ನಡದಲ್ಲಿ ಅಳುವ ಅನುಮತಿ ಅದಕ್ಕಿರಲಿಲ್ಲ. ನಮ್ಮ ಭಾಷೆಯ ರಕ್ಷಣೆಗಾಗಿಯೇ ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂದು ದೊಡ್ಡವರು ಹೇಳುತ್ತಾರೆ. ಏಳು ವರ್ಷದ ಹುಡುಗಿಯಿಂದ ಕನ್ನಡಕ್ಕೆ ಅಂಥ ಅಪಾಯ ಏನಿತ್ತೋ ನನಗೆ ಇವತ್ತಿಗೂ ತಿಳಿಯಲಿಲ್ಲ.

ಹಾಗಾಗಿ ವೈಜಯಂತಿ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಅಂಗನವಾಡಿಯಲ್ಲಿ ದಿನವಿಡೀ ಇಪ್ಪತ್ತು ಮಕ್ಕಳಿಗೆ ಕತೆ ಹೇಳಿ ಬಂದವಳು ಮನೆಯಲ್ಲಿ ಮತ್ತೆ ನೀರುನಾಯಿಯಾಗಬೇಕು. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಅವಳಿಗೆ ಸಾಕಾಯಿತು.

"ಇನ್ನು ನನ್ ಕೈಲಿ ಆಗೂದಿಲ್ಲ. ಒಂದೇ ಸಲ ಎಲ್ಲಾ ಹೇಳಿ ಅದ್ರೊಳ್ಗೇ ತುಂಬ್ಸಿ ಇಡ್ತೆ. ಆಮೇಲೆ ಇವ್ಳು ನೋಡ್ಕಂತಾ ಕೂತ್ಕಳ್ಳಿ, ನಾನು ಮೀನು ಕೊಯ್ಕಂತೆ" ಎಂದಳು.

ಅಂಕೋಲೆಯಲ್ಲಿ ಮದುವೆ ವಿಡಿಯೋ ಮಾಡುವ ತುಳಸಿದಾಸ ಅವಳ ತವರೂರಿನವನು. ಅವನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಎರಡು ಭಾನುವಾರ ಕೂತು ಅವಳು ಇಡೀ ಸಿನಿಮಾಕ್ಕೆ ಒಬ್ಬಳೇ ದನಿ ಕೊಟ್ಟಳು. ಅಜ್ಜಿ ನೀರುನಾಯಿ ನನ್ನ ಅಮ್ಮನ ಹಾಗೆಯೇ ಗೊಣಗುತ್ತದೆ. ಎಲ್ಲರನ್ನೂ ಹೆದರಿಸುವ ಮೊಸಳೆ, "ಮುಂದೆ ಹೋಗ್ರಿ, ಮುಂದೆ ಹೋಗ್ರಿ, ಒಳ್ಗೆ ಜಾಗ ಅದೆ" ಎಂದು ಕಾರವಾರ ಬಸ್ಸಿನ ಕಂಡಕ್ಟರನಂತೆ ಬಾಯಿ ತೆರೆಯುತ್ತದೆ. ಹಿಂದಿನಿಂದ ತಗಡಿನ ಮೇಲೆ ಬೀಳುವ ಮಳೆ ಕೇಳುತ್ತದೆ, ನಡುವೆ ಒಮ್ಮೆ ತುಳಸಿದಾಸನ ಮನೆಯ ಕುಕ್ಕರ್ ಕೂಗುತ್ತದೆ. ಕೊನೆಯ ಕಡೆ ತಾಯಿ ನೀರುನಾಯಿ ದಡದಲ್ಲಿ ಕಾಯುವ ದೃಶ್ಯವೊಂದಿದೆ. ಎರಡು ನಿಮಿಷ ಮಾತಿಲ್ಲ, ಬರೀ ಸಂಗೀತ. ಸುಮ್ಮನಿರುವುದು ವೈಜಯಂತಿಯ ಜಾಯಮಾನವಲ್ಲ. ಅಲ್ಲಿ ಅವಳು ಸಿನಿಮಾ ಬಿಟ್ಟು ಮಗಳ ಜೊತೆ ಮಾತಾಡಿದ್ದಾಳೆ. "ಪ್ರೇಕ್ಷೂ, ಟೀವಿ ಹತ್ರ ಹೋಗ್ಬೇಡ, ಹಿಂದೆ ಸರಿ. ಅನ್ನ ಉಂಡ್ಯಾ? ಅಳ್ಬೇಡ ಮಗಾ, ಆ ಆಯಿ ಎಲ್ಲೂ ಹೋಗೂದಿಲ್ಲ, ಅಲ್ಲೇ ಕೂತ್ಕಂಡದೆ ನೋಡು."

ಮಾನ್ಯರೇ, ನೀವು ಹಿಡಿದ ಅಪರಾಧ ಇದು.

ಅಕ್ಕಪಕ್ಕದ ಮಕ್ಕಳೆಲ್ಲ ನಮ್ಮ ಮನೆಯಲ್ಲಿ ನೆರೆಯತೊಡಗಿದರು. ಅಂಕೋಲೆಯ ಮಕ್ಕಳೂ ನೋಡಲಿ ಎಂದು ವೈಜಯಂತಿಯೇ ಹೇಳಿದಳು. ತುಳಸಿದಾಸನ ಪಕ್ಕದ ವಿಡಿಯೋ ಲೈಬ್ರರಿಯವನಿಗೆ, ಪುಕ್ಕಟೆಯಾಗಿ ಕೊಡು ಎಂಬ ಕರಾರಿನ ಮೇಲೆ, ಮನೆಯಲ್ಲಿದ್ದ ಡಿವಿಡಿಯನ್ನು ನಾನೇ ಒಯ್ದು ಕೊಟ್ಟೆ; ನಮಗೆ ಬೇಕಾದಾಗ ತುಳಸಿದಾಸನಿಂದ ಇನ್ನೊಂದು ಮಾಡಿಸಿಕೊಂಡರಾಯಿತು ಎಂದುಕೊಂಡಿದ್ದೆ. ಕೊಡುವಾಗ ಒಂದು ದಡ್ಡ ಕೆಲಸ ಮಾಡಿದೆ. ತುಳಸಿದಾಸ ಅದನ್ನು ತನ್ನಲ್ಲಿದ್ದ ಶುಭವಿವಾಹದ ಕವರಿನಲ್ಲಿ, ವಧೂವರರ ಚಿತ್ರದ ಹಿಂದೆ ಹಾಕಿ ಕೊಟ್ಟಿದ್ದ. ಹಾಗೇ ಬಿಟ್ಟಿದ್ದರೆ ಯಾರೋ ಮರೆತುಹೋದ ಮದುವೆ ಎಂದು ನಿಮ್ಮವರು ಬದಿಗಿಡುತ್ತಿದ್ದರು. ಹೆಂಡತಿಯ ಮೇಲಿನ ಹೆಮ್ಮೆಗೆ ನಾನು ಆ ಕವರು ಕಿತ್ತು, ಡಿವಿಡಿಯ ಮೇಲೆಯೇ ಕೆಂಪು ಮಾರ್ಕರಿನಲ್ಲಿ "ಕನ್ನಡ ಡಬ್ಬಿಂಗ್" ಎಂದು ದಪ್ಪಗೆ ಬರೆದೆ. ಅವಳ ಹೆಸರು ಬರೆಯಲು ಹೋದರೆ ಅವಳು ನಾಚಿಕೊಂಡು ಬೇಡವೆಂದಳು.

ಸೆಪ್ಟೆಂಬರಿನಲ್ಲಿ ಅವಳಿಗೆ ಇಲಿಜ್ವರ ಬಂತು. ಮೊದಲ ಮೂರು ದಿನ ಬರೀ ಥಂಡಿಜ್ವರ ಎಂದುಕೊಂಡೆವು. ಒಂಬತ್ತನೆಯ ದಿನ ಅವಳು ಇರಲಿಲ್ಲ. ಇದನ್ನು ಇದಕ್ಕಿಂತ ಉದ್ದ ಬರೆಯಲು ನನ್ನಿಂದಾಗುವುದಿಲ್ಲ.

ಮನೆಯಲ್ಲಿ ಅವಳ ಫೋಟೋಗಳಿವೆ, ದನಿ ಮಾತ್ರ ಎಲ್ಲೂ ಇಲ್ಲ. ನಮ್ಮ ಮದುವೆಯ ವಿಡಿಯೋದಲ್ಲಿ ತುಳಸಿದಾಸ ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿದ್ದಾನೆ. ಅವಳ ಬಾಯಿ ಆಡುತ್ತದೆ, ಯಾರೋ ಹಾಡುತ್ತಾರೆ. ನೀರುನಾಯಿಯ ಇನ್ನೊಂದು ಪ್ರತಿ ಅವನ ಕಂಪ್ಯೂಟರಿನಲ್ಲಿತ್ತು. ಮದುವೆ ಸೀಸನ್ನಿಗೆ ಜಾಗ ಬೇಕೆಂದು ಅಳಿಸಿಬಿಟ್ಟಿದ್ದ. ಆ ವಿಷಯ ಹೇಳುವಾಗ ಅವನೇ ಅತ್ತುಬಿಟ್ಟ. ಉಳಿದದ್ದು ಲೈಬ್ರರಿಯಲ್ಲಿದ್ದ ಒಂದೇ ಒಂದು. ಸೂತಕ, ತಿಂಗಳ ಕಾರ್ಯಗಳೆಲ್ಲ ಮುಗಿದು ನಾನು ಅಂಕೋಲೆಗೆ ಹೋದರೆ ಬಾಗಿಲಿಗೆ ನಿಮ್ಮ ಸೀಲು. ದಾಳಿ ನಡೆದು ಮೂರು ದಿನವಾಗಿತ್ತು.

ಪ್ರೇಕ್ಷಾಳನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ತಾಯಿಯ ದನಿಯನ್ನು ಅವಳ ಕೈಗೇ ಕೊಡಿಸಬೇಕೆಂಬ ಆಸೆ. ನಿಮ್ಮ ಗುಮಾಸ್ತರು ಒಳ್ಳೆಯವರು. ಪಟ್ಟಿ ತೆಗೆದು ಓದಿದರು. "ಅನಧಿಕೃತ ಕನ್ನಡ ಡಬ್ಬಿಂಗ್, ಒಂದು. ದನಿ ನೀಡಿದವರು: ಅಪರಿಚಿತ ಮಹಿಳೆ." ಆಮೇಲೆ ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು.

"ಇದು ನಿಮ್ದಾ? ನಿಮ್ದು ಅಂದ್ರೆ ನಿಮ್ ಮೇಲೂ ಕೇಸ್ ಹಾಕ್ಬೇಕಾಗ್ತದೆ. ಯೋಚ್ನೆ ಮಾಡಿ ಹೇಳ್ರಿ."

ಕೈಗಾದ ಗೇಟ್ ಪಾಸು ವರ್ಷವರ್ಷ ಹೊಸದಾಗಬೇಕು, ಅದಕ್ಕೆ ಪೊಲೀಸರ ಪ್ರಮಾಣಪತ್ರ ಬೇಕು. ನನ್ನದು ಮುಗಿಯಲು ಎರಡು ವಾರವಿತ್ತು. ಕೇಸಿದ್ದವನಿಗೆ ಪಾಸಿಲ್ಲ, ಪಾಸಿಲ್ಲದವನನ್ನು ಕಂಪನಿ ಬಸ್ಸು ಹತ್ತಿಸಿಕೊಳ್ಳುವುದಿಲ್ಲ. ಇಷ್ಟೂ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿತು.

"ಇಲ್ಲ ಸರ್, ನಮ್ದಲ್ಲ" ಎಂದೆ.

ಪ್ರೇಕ್ಷಾ ನನ್ನ ಅಂಗಿ ಜಗ್ಗಿದಳು. "ಅಪ್ಪಾ, ಅದು ಆಯಿದೇ ಅಲ್ದಾ?"

"ಸುಮ್ನಿರು" ಎಂದು ಗದರಿದೆ. ಗುಮಾಸ್ತರಿಗೆ ಕೇಳಿಸಿತ್ತು. ಅವರು ತಲೆ ತಗ್ಗಿಸಿ "ವಾರಸುದಾರರಿಲ್ಲ" ಎಂದು ಬರೆದುಕೊಂಡರು. ಪಾಸು ಹೊಸದಾಯಿತು. ದಿನಾ ಬಸ್ಸು ಹತ್ತುತ್ತೇನೆ, ಅದು ನನ್ನ ಜೇಬಿನಲ್ಲೇ ಇರುತ್ತದೆ.

ನಿಮ್ಮ ಕಾನೂನನ್ನು ನಾನು ಹಳಿಯುತ್ತಿಲ್ಲ. ಸಿನಿಮಾ ಮಾಡಿದವರ ಬೆವರು ದೊಡ್ಡದೇ. ಚಿತ್ರ ಅವರದು, ಒಪ್ಪಿದೆ. ಆದರೆ ಆ ದನಿ ಯಾವ ಕಂಪನಿಯದು? ಆ ಕುಕ್ಕರಿನ ಕೂಗಿನ ಹಕ್ಕುಸ್ವಾಮ್ಯ ಯಾರ ಬಳಿ ಇದೆ? ಅನ್ನ ಉಂಡ್ಯಾ ಎಂದು ಮಗಳನ್ನು ಕೇಳಿದ್ದಕ್ಕೆ ಯಾರಿಗೆ ನಷ್ಟವಾಯಿತು? ನಿಮ್ಮ ಗಣ್ಯರು ಚಪ್ಪಾಳೆ ತಟ್ಟುವ ಮೊದಲು ಯಾರಾದರೂ ಒಬ್ಬರು ಅದನ್ನು ಕೊನೆಯವರೆಗೆ ಕೂತು ಕೇಳಿದ್ದರೆ ಅವಳನ್ನು ಅಪರಿಚಿತ ಮಹಿಳೆ ಎನ್ನುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಆ ದನಿ ಒಂದು ಇರುತ್ತದೆ.

ಕಚೇರಿಯಿಂದ ಬಂದ ಮೇಲೆ ಮಗಳು ಆ ಡಿವಿಡಿಯ ಮಾತೆತ್ತಿರಲಿಲ್ಲ. ಮರೆತಳೆಂದು ನಾನೂ ಸಮಾಧಾನಪಟ್ಟುಕೊಂಡಿದ್ದೆ. ಮೊನ್ನೆ ಶಾಲೆಗೆ ಹೊರಡುವಾಗ ಜಡೆ ಹಾಕುತ್ತಿದ್ದೆ, ನನಗೆ ಅದು ಇನ್ನೂ ನೆಟ್ಟಗೆ ಬರುವುದಿಲ್ಲ. ಬೆನ್ನು ತಿರುಗಿಸಿ ಕೂತಿದ್ದವಳು ಹೇಳಿದಳು: "ಅಪ್ಪಾ, ಆಯಿ ದನಿ ಹೆಂಗಿತ್ತು ಅಂತ ನಂಗೆ ಮರ್ತು ಹೋಗ್ತಾ ಅದೆ. ನಿಂಗೆ ನೆನ್ಪದೆಯಾ?"

ಅದೆ ಎಂದೆ. ಹೇಳಿ ತೋರಿಸು ಎಂದಳು. ಗಂಡಸಿನ ಗಂಟಲಲ್ಲಿ ಅದನ್ನು ಹೇಗೆ ತೋರಿಸಲಿ?

ಆದ್ದರಿಂದ ಮಾನ್ಯರೇ, ನಿಮ್ಮ ಕಡತದಲ್ಲಿ ತಿದ್ದುಪಡಿ ಮಾಡಿಕೊಳ್ಳಿ. ಅಪರಿಚಿತ ಮಹಿಳೆಯ ಹೆಸರು ವೈಜಯಂತಿ. ಡಬ್ಬಿಂಗ್ ಮಾಡಿಸಿದವನು ನಾನು, ಲೈಬ್ರರಿಗೆ ಕೊಟ್ಟವನು ನಾನು, ನಿಮ್ಮ ಕಚೇರಿಯಲ್ಲಿ ಮಗಳೆದುರು ಸುಳ್ಳು ಹೇಳಿದವನೂ ನಾನೇ. ಕೇಸು ಹಾಕಿ. ಗೇಟ್ ಪಾಸು ಹೋದರೆ ಹೋಗಲಿ. ಆ ಡಿವಿಡಿಯನ್ನು ಸಾಕ್ಷಿಯೆಂದು ಕೋರ್ಟಿಗೆ ತನ್ನಿ. ಸಾಕ್ಷಿಯನ್ನು ರೋಲರಿನ ಕೆಳಗೆ ಹಾಕುವಂತಿಲ್ಲ ಎಂದು ಕೇಳಿದ್ದೇನೆ. ವಿಚಾರಣೆಯ ದಿನ ಅದನ್ನು ಒಮ್ಮೆ ಎಲ್ಲರೆದುರು ಹಾಕಲೇಬೇಕಾಗುತ್ತದೆ. ಅವತ್ತು ಮಗಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು ಅನುಮತಿ ಕೊಡಿ. ನನ್ನ ಬೇಡಿಕೆ ಇಷ್ಟೇ.

ಇಂತಿ,
ಇಷ್ಟು ದಿನ ಹೆಸರು ಬಚ್ಚಿಟ್ಟುಕೊಂಡಿದ್ದ ಆರೋಪಿ,
ವೈಜಯಂತಿಯ ಗಂಡ ದೇವಾನಂದ
ಅಮದಳ್ಳಿ